ಗಣಕಭಾಷೆಯ ಶಿಲ್ಪಿ ಗ್ರೇಸ್ ಹಾಪರ್

ಉಗುರಿನಿಂದ ಹೋಗುವುದಕ್ಕೆ ಕೊಡಲಿ ಬೇಡವೆಂಬುದು ಹಿರಿಯರ ಅನುಭವದ ಮಾತು. ಕೆಲಸಕ್ಕೆ ಒಪ್ಪುವ ಸಾಧನವನ್ನು ಆರಿಸಿಕೊಂಡಾಗ ಶ್ರಮ ಉಳಿಯುತ್ತದೆ, ತಪ್ಪುಗಳೂ ಕಡಿಮೆಯಾಗುತ್ತವೆ. ಗಣಕಯಂತ್ರದ ಕ್ಷೇತ್ರದಲ್ಲಿ ಈ ವಿವೇಕವನ್ನು ಕಾರ್ಯರೂಪಕ್ಕೆ ತಂದವರಲ್ಲಿ ಅಮೆರಿಕದ ಗ್ರೇಸ್ ಹಾಪರ್ ಪ್ರಮುಖರು.

ಗ್ರೇಸ್ 1906ರ ಡಿಸೆಂಬರ್ 9ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಏಳು ವರ್ಷದ ಬಾಲಕಿಯಾಗಿದ್ದಾಗ ಅಲಾರಾಂ ಗಡಿಯಾರದ ಒಳಗುಟ್ಟನ್ನು ತಿಳಿಯುವ ಹಂಬಲದಿಂದ ಮನೆಯಲ್ಲಿದ್ದ ಏಳು ಗಡಿಯಾರಗಳನ್ನು ಒಂದಾದ ಮೇಲೊಂದರಂತೆ ಬಿಚ್ಚಿಹಾಕಿದರು. ಇದನ್ನರಿತ ತಾಯಿ, ಇನ್ನು ಮುಂದೆ ಒಂದೇ ಗಡಿಯಾರವನ್ನು ಬಿಚ್ಚಬೇಕೆಂದು ಕಟ್ಟಳೆ ಮಾಡಿದರು. ಗಣಿತದಲ್ಲಿ ಆಸಕ್ತಿ ತಳೆದ ಗ್ರೇಸ್ 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿ ಪಡೆದರು. ತಾವು ಓದಿದ ವಾಸರ್ ಕಾಲೇಜಿನಲ್ಲಿಯೇ ಅಧ್ಯಾಪಕಿಯಾದರು.

ಎರಡನೆಯ ಮಹಾಯುದ್ಧ ಅವರ ಬಾಳಿನ ದಿಕ್ಕನ್ನೇ ಬದಲಿಸಿತು. ನೌಕಾದಳವನ್ನು ಸೇರಲು ಅವರ ದೇಹದ ತೂಕ ಸಾಲದಾಗಿತ್ತು. ಆದರೂ ಛಲ ಬಿಡದೆ ವಿಶೇಷ ಅನುಮತಿ ಪಡೆದು 1943ರಲ್ಲಿ ಮೀಸಲು ದಳವನ್ನು ಸೇರಿದರು. ಮರುವರ್ಷ ಅವರನ್ನು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ 1 ಎಂಬ ಗಣಕಯಂತ್ರದ ಕೆಲಸಕ್ಕೆ ನೇಮಿಸಲಾಯಿತು. 51 ಅಡಿ ಉದ್ದ, 8 ಅಡಿ ಎತ್ತರದ ಆ ಯಂತ್ರಕ್ಕೆ ಕಾಗದದ ಪಟ್ಟಿಯಲ್ಲಿ ರಂಧ್ರ ಕೊರೆದು ಆದೇಶಗಳನ್ನು ಉಣಿಸಬೇಕಾಗಿತ್ತು.

ಯಂತ್ರಕ್ಕೆ ನೀಡುವ ಇಂತಹ ಆದೇಶಗಳ ಸರಣಿಯೇ ಕ್ರಮವಿಧಿ. ಅಂದಿನ ಗಣಕಯಂತ್ರಗಳಿಗೆ ಅದನ್ನು ಕೇವಲ ಸಂಕೇತಗಳಲ್ಲಿ ಬರೆಯಬೇಕಾಗಿತ್ತು. ಒಮ್ಮೆ ಸರಿಯಾಗಿ ನಡೆದ ಭಾಗಗಳನ್ನು ಪುಸ್ತಕದಲ್ಲಿ ಬರೆದಿಟ್ಟು, ಬೇಕಾದಾಗ ಕೈಯಿಂದ ನಕಲು ಮಾಡುತ್ತಿದ್ದರು. ನಕಲಿನಲ್ಲಿ ಒಂದು ಅಂಕಿ ತಪ್ಪಿದರೂ ಇಡೀ ಕೆಲಸ ಕೆಡುತ್ತಿತ್ತು. ನಕಲು ಮಾಡುವ ಬೇಸರದ ದುಡಿಮೆಯನ್ನು ಯಂತ್ರಕ್ಕೇ ವಹಿಸಬಾರದೇಕೆ ಎಂದು ಹಾಪರ್ ಯೋಚಿಸಿದರು. 1949ರಲ್ಲಿ ಫಿಲಡೆಲ್ಫಿಯಾದ ಗಣಕ ಸಂಸ್ಥೆಯೊಂದನ್ನು ಸೇರಿದ ಅವರು, 1952ರ ವೇಳೆಗೆ ಎ-0 ಎಂಬ ಕಂಪೈಲರನ್ನು ಸಿದ್ಧಪಡಿಸಿದರು. ಅದು ಬೇಕಾದ ಭಾಗಗಳನ್ನು ತಾನೇ ಹುಡುಕಿ ಜೋಡಿಸುತ್ತಿತ್ತು. ಗಣಕವು ಲೆಕ್ಕ ಮಾಡಬಲ್ಲದೇ ಹೊರತು ಕ್ರಮವಿಧಿಯನ್ನು ರಚಿಸಲಾರದೆಂದು ನಂಬಿದ್ದ ಅನೇಕರು ಮೊದಲು ಅದನ್ನು ಒಪ್ಪಲೇ ಇಲ್ಲ.

ಹಾಪರ್ ಅಲ್ಲಿಗೇ ನಿಲ್ಲಲಿಲ್ಲ. ವಿಜ್ಞಾನಿಗೆ ಗಣಿತದ ಚಿಹ್ನೆಗಳು ಸಹಜ. ಆದರೆ ಸಂಬಳದ ಪಟ್ಟಿ, ಉಗ್ರಾಣದ ಲೆಕ್ಕ ಬರೆಯುವ ಗುಮಾಸ್ತನಿಗೆ ಅವು ತೊಡಕು. ಇಬ್ಬರ ಕೆಲಸ ಬೇರೆಯಾದ ಮೇಲೆ ಇಬ್ಬರ ಸಾಧನವೂ ಬೇರೆಯಾಗಬೇಕೆಂಬುದು ಅವರ ನಿಲುವಾಗಿತ್ತು. ಅವರ ಮುಂದಾಳುತನದಲ್ಲಿ ಗಣಿತಕ್ಕಾಗಿ ಮ್ಯಾತ್-ಮ್ಯಾಟಿಕ್, ವ್ಯವಹಾರಕ್ಕಾಗಿ ಫ್ಲೋ-ಮ್ಯಾಟಿಕ್ ಎಂಬ ಎರಡು ಭಾಷೆಗಳು ರೂಪುಗೊಂಡವು. ಎರಡನೆಯದರಲ್ಲಿ ಸರಳವಾದ ಇಂಗ್ಲಿಷ್ ಪದಗಳಲ್ಲಿಯೇ ಆದೇಶ ಕೊಡಬಹುದಾಗಿತ್ತು. ಯಂತ್ರಕ್ಕೆ ಇಂಗ್ಲಿಷ್ ತಿಳಿಯದೆಂದು ಮೇಲಿನವರು ಈ ಯೋಜನೆಯನ್ನು ಮೊದಲು ತಳ್ಳಿಹಾಕಿದ್ದರು. ಪದವಾಗಲಿ ಚಿಹ್ನೆಯಾಗಲಿ ಯಂತ್ರಕ್ಕೆ ಒಂದೇ ಎಂದು ತೋರಿಸಲು ಹಾಪರ್ ಅದೇ ಆದೇಶಗಳನ್ನು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲಿಯೂ ನಡೆಸಿ ತೋರಿಸಿದರು. ಇದರಿಂದ ಅಧಿಕಾರಿಗಳ ಗಾಬರಿ ಹೆಚ್ಚಿತೇ ವಿನಾ ಒಪ್ಪಿಗೆ ದೊರೆಯಲಿಲ್ಲ. ಆದರೂ ಅವರು ಧೃತಿಗೆಡದೆ ಕೆಲಸವನ್ನು ಮುಂದುವರಿಸಿ ಗೆದ್ದರು.

1959ರಲ್ಲಿ ಸರ್ಕಾರ ಮತ್ತು ಉದ್ಯಮಗಳ ಪ್ರತಿನಿಧಿಗಳು ಕೂಡಿ ವ್ಯವಹಾರಕ್ಕೆಂದು ಕೋಬಾಲ್ ಭಾಷೆಯನ್ನು ರೂಪಿಸತೊಡಗಿದಾಗ ಫ್ಲೋ-ಮ್ಯಾಟಿಕ್ ಅದಕ್ಕೆ ತಳಹದಿಯಾಯಿತು, ಹಾಪರ್ ಸಲಹೆಗಾರರಾದರು. ಮರುವರ್ಷದ ಕೊನೆಯಲ್ಲಿ, ಒಂದೇ ಕೋಬಾಲ್ ಕ್ರಮವಿಧಿ ಎರಡು ಬೇರೆ ಬೇರೆ ಸಂಸ್ಥೆಗಳ ಯಂತ್ರಗಳಲ್ಲಿ ನಡೆಯಿತು. ಹಾಗೆಂದು ಕೋಬಾಲ್ ಎಲ್ಲ ಕೆಲಸಕ್ಕೂ ತಕ್ಕುದಾಗಿರಲಿಲ್ಲ. ವಿಜ್ಞಾನಿಗಳು ತಮ್ಮ ಲೆಕ್ಕಗಳಿಗೆ 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆಯನ್ನೇ ನೆಚ್ಚಿಕೊಂಡರು. ಒಂದು ಭಾಷೆ ಮೇಲು, ಇನ್ನೊಂದು ಕೀಳು ಎಂಬುದಲ್ಲ. ಕೆಲಸವೇ ಭಾಷೆಯನ್ನು ಆರಿಸಿತು.

1966ರಲ್ಲಿ ನಿವೃತ್ತರಾದ ಹಾಪರ್‌ರನ್ನು ನೌಕಾದಳ ಮರುವರ್ಷವೇ ಕರೆಸಿಕೊಂಡಿತು. ಅವರು ಗಣಕಭಾಷೆಗಳನ್ನು ಒಂದೇ ಕ್ರಮಕ್ಕೆ ತರಲು ದುಡಿದರು. ಹಳೆಯ ರೂಢಿಗೆ ಅಂಟಿಕೊಳ್ಳುವುದನ್ನು ಒಪ್ಪದ ಅವರ ಕಚೇರಿಯಲ್ಲಿ ಹಿಮ್ಮುಖವಾಗಿ ತಿರುಗುವ ಗಡಿಯಾರವೊಂದು ತೂಗುತ್ತಿತ್ತು. 1986ರಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಹುದ್ದೆಯಿಂದ ನಿವೃತ್ತರಾದರು. 1992ರ ಜನವರಿ 1ರಂದು ನಿಧನ ಹೊಂದಿದರು.

ಇಂದು ಗಣಕಭಾಷೆಗಳು ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ ಒಂದನ್ನು ಆರಿಸುವ ಮುನ್ನ ಕೆಲಸ ಯಾವುದು, ಅದನ್ನು ಮಾಡುವವರು ಯಾರು, ನಾಳೆ ಅದನ್ನು ಓದಿ ತಿದ್ದುವವರು ಯಾರು ಎಂದು ವಿಚಾರಿಸುವುದು ಜಾಣತನ. ಯಂತ್ರಕ್ಕಾಗಿ ಮನುಷ್ಯ ಬಾಗುವುದಲ್ಲ, ಮನುಷ್ಯನಿಗಾಗಿ ಯಂತ್ರ ಬಾಗಬೇಕೆಂಬುದೇ ಹಾಪರ್ ಅವರ ಬದುಕು ಕಲಿಸುವ ಪಾಠ.