ವಂಶಗುಣದ ಗುಟ್ಟನ್ನರಿತ ಮಠವಾಸಿ ಗ್ರೆಗರ್ ಮೆಂಡೆಲ್

ಜ್ಞಾನಸ್ನಾನಕ್ಕೆಂದು ಹಸುಗೂಸನ್ನು ದೇವಾಲಯಕ್ಕೆ ತಂದಾಗ, ಮೂಗು ತಂದೆಯದು, ಕಣ್ಣು ಅಜ್ಜಿಯದು ಎಂದು ಬಂಧುಗಳು ಆಡಿಕೊಳ್ಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ಹೆತ್ತವರಲ್ಲಿ ಕಾಣದ ಗುಣವೊಂದು ಮಗುವಿನಲ್ಲಿ ಮೂಡುವುದಾದರೂ ಹೇಗೆ? ಈ ಪ್ರಶ್ನೆಗೆ ಲೆಕ್ಕವಿಟ್ಟು ಉತ್ತರ ಕಂಡುಕೊಂಡವರು ಒಬ್ಬ ಕಥೋಲಿಕ ಗುರುಗಳೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಯೊಹಾನ್ ಮೆಂಡೆಲರು 1822ರ ಜುಲೈ ತಿಂಗಳಲ್ಲಿ, ಅಂದಿನ ಆಸ್ಟ್ರಿಯಾ ಸಾಮ್ರಾಜ್ಯಕ್ಕೂ ಇಂದಿನ ಚೆಕ್ ಗಣರಾಜ್ಯಕ್ಕೂ ಸೇರಿದ ಹಳ್ಳಿಯೊಂದರ ರೈತ ಕುಟುಂಬದಲ್ಲಿ ಜನಿಸಿದರು. ಮರದ ದಿಮ್ಮಿ ಬಿದ್ದು ತಂದೆ ಗಾಯಗೊಂಡ ಮೇಲೆ ಮನೆಯಲ್ಲಿ ಬಡತನ ಹೆಚ್ಚಿತು. ತಂಗಿ ತೆರೇಸಿಯಾ ತನ್ನ ಮದುವೆಗೆಂದಿದ್ದ ಪಾಲಿನಲ್ಲಿ ಒಂದು ಭಾಗವನ್ನು ಅಣ್ಣನ ವಿದ್ಯೆಗಾಗಿ ಬಿಟ್ಟುಕೊಟ್ಟಳು. ಆ ಋಣವನ್ನು ಮರೆಯದ ಮೆಂಡೆಲರು ಮುಂದೆ ಅವಳ ಗಂಡುಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾದರು.

1843ರಲ್ಲಿ ಬ್ರನೋ ಪಟ್ಟಣದ ಸಂತ ಅಗಸ್ಟೀನರ ಸಭೆಯ ಮಠವನ್ನು ಸೇರಿ ಗ್ರೆಗರ್ ಎಂಬ ಹೆಸರನ್ನು ಪಡೆದರು. 1847ರಲ್ಲಿ ಗುರುದೀಕ್ಷೆ ಹೊಂದಿದರು. ಆದರೆ ರೋಗಿಗಳ ನರಳಾಟವನ್ನು ಕಂಡು ಅವರೇ ಹಾಸಿಗೆ ಹಿಡಿಯುವಂತಾಯಿತು. ಮಠಾಧಿಪತಿ ನಾಪ್ ಅವರು ಇದನ್ನರಿತು, ಧರ್ಮಕೇಂದ್ರದ ಸೇವೆಯಿಂದ ಬಿಡಿಸಿ ಶಾಲೆಯಲ್ಲಿ ಪಾಠ ಹೇಳಲು ಕಳುಹಿಸಿದರು. ಅಧ್ಯಾಪಕರ ಪರೀಕ್ಷೆಯಲ್ಲಿಯೂ ಮೆಂಡೆಲರು 1850ರಲ್ಲಿ ಉತ್ತೀರ್ಣರಾಗಲಿಲ್ಲ. ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ ಬಂದು 1856ರಲ್ಲಿ ಮತ್ತೆ ಪ್ರಯತ್ನಿಸಿದಾಗಲೂ ಯಶಸ್ಸು ದೊರೆಯಲಿಲ್ಲ.

ಅದೇ ವರ್ಷ ಮಠದ ತೋಟದಲ್ಲಿ ಬಟಾಣಿ ಗಿಡಗಳ ಪ್ರಯೋಗವನ್ನು ಆರಂಭಿಸಿದರು. ಎಂಟು ವರ್ಷಗಳಲ್ಲಿ ಸುಮಾರು 28,000 ಗಿಡಗಳನ್ನು ಬೆಳೆಸಿ ಏಳು ಗುಣಗಳನ್ನು ಪರೀಕ್ಷಿಸಿದರು. ದುಂಡು ಕಾಳಿನ ತಳಿಯನ್ನು ಸುಕ್ಕುಕಾಳಿನ ತಳಿಯೊಡನೆ ಕೂಡಿಸಿದಾಗ ಮೊದಲ ತಲೆಮಾರಿನಲ್ಲಿ ಎಲ್ಲವೂ ದುಂಡಾದುವು. ಅವುಗಳಿಂದ ಬಂದ ಮುಂದಿನ ತಲೆಮಾರಿನಲ್ಲಿ 5,474 ಕಾಳುಗಳು ದುಂಡಗಿದ್ದು, 1,850 ಸುಕ್ಕಾಗಿದ್ದುವು. ಅಂದರೆ ಮೂರಕ್ಕೆ ಒಂದು. ಸುಕ್ಕಿನ ಗುಣ ಅಳಿದಿರಲಿಲ್ಲ, ಅಡಗಿತ್ತು. ಪ್ರತಿಯೊಂದು ಗುಣಕ್ಕೂ ತಂದೆಯಿಂದ ಒಂದು, ತಾಯಿಯಿಂದ ಒಂದು ಅಂಶ ಸಮನಾಗಿ ಬರುತ್ತದೆ. ಪ್ರಬಲವಾದದ್ದು ತೋರುತ್ತದೆ, ದುರ್ಬಲವಾದದ್ದು ಮರೆಯಲ್ಲಿದ್ದು, ತನ್ನಂತಹುದೇ ಜೊತೆ ದೊರೆತಾಗ ಹೊರಬರುತ್ತದೆ.

1865ರಲ್ಲಿ ಬ್ರನೋ ನಗರದ ವಿಜ್ಞಾನ ಸಂಘದ ಮುಂದೆ ಇದನ್ನು ಓದಿದರು. ಮರುವರ್ಷ ಪ್ರಬಂಧ ಅಚ್ಚಾಯಿತು. ಅದರ ಮಹತ್ವವನ್ನು ಅರಿತವರಿಲ್ಲ. 1868ರಲ್ಲಿ ಮಠಾಧಿಪತಿಯಾದ ಮೇಲೆ ಆಡಳಿತವೂ ಮಠದ ಮೇಲಿನ ತೆರಿಗೆಯ ವ್ಯಾಜ್ಯವೂ ಅವರ ಕಾಲವನ್ನೆಲ್ಲ ನುಂಗಿದುವು. 1884ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಕಣ್ಮುಚ್ಚಿದರು. 1900ರಲ್ಲಿ ಕೊರೆನ್ಸ್, ಡಿ ವ್ರೀಸ್ ಮೊದಲಾದ ವಿಜ್ಞಾನಿಗಳು ಅದೇ ನಿಯಮಗಳನ್ನು ತಲುಪಿ, ಹಿಂದಿರುಗಿ ನೋಡಿದಾಗ ಮೆಂಡೆಲರ ಹೆಸರು ಲೋಕಕ್ಕೆ ತಿಳಿಯಿತು.

ಮನುಷ್ಯನ ಎತ್ತರ, ಮೈಬಣ್ಣಗಳು ಅನೇಕ ಅಂಶಗಳು ಕೂಡಿ ಆಗುವಂಥವು; ಅವುಗಳ ಲೆಕ್ಕ ಇಷ್ಟು ಸುಲಭವಲ್ಲ. ಆದರೂ ಕೆಲವು ಹುಟ್ಟುಕಾಯಿಲೆಗಳು ಆ ಸುಕ್ಕುಕಾಳಿನಂತೆಯೇ ಬರುತ್ತವೆ. ಆರೋಗ್ಯವಂತ ದಂಪತಿಗಳಿಬ್ಬರಲ್ಲೂ ಅಡಗಿದ್ದ ಅಂಶಗಳು ಒಂದೇ ಮಗುವಿನಲ್ಲಿ ಕೂಡುವ ಸಂಭವ ನಾಲ್ಕರಲ್ಲಿ ಒಂದು. ಅಂತಹ ಮಗು ಹುಟ್ಟಿದಾಗ ಸೊಸೆಯನ್ನು ಮಾತ್ರ ದೂರುವ ಮನೆಗಳು ಇಂದಿಗೂ ಇವೆ. ಪಾಲು ಇಬ್ಬರದೂ ಸಮ; ತಪ್ಪು ಯಾರದೂ ಅಲ್ಲ. ರೋಗಿಯ ಬಳಿ ನಿಲ್ಲಲಾರದ ಆ ಮೃದು ಹೃದಯದ ಗುರುಗಳ ಬಟಾಣಿ ಲೆಕ್ಕ, ಇಂತಹ ತಾಯಂದಿರ ಕಣ್ಣೀರನ್ನು ಒರೆಸಬಲ್ಲದು.