ದುರ್ಗದ ಸೋಲನ್ನು ಕೊನೆಗೆ ಬರೆದ ತರಾಸು

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಸೀಮೆಯವರಿಗೆ ಬೂದಿಕೋಟೆ ಪರಿಚಿತ ಊರು. ಹೈದರಾಲಿಯ ಜನ್ಮಸ್ಥಳವೆಂದು ಅದಕ್ಕೆ ಪ್ರಸಿದ್ಧಿ. ಆ ಹೈದರನೇ 1779ರಲ್ಲಿ ಚಿತ್ರದುರ್ಗವನ್ನು ಗೆದ್ದು ಅಲ್ಲಿನ ನಾಯಕರ ಆಳ್ವಿಕೆಯನ್ನು ಕೊನೆಗಾಣಿಸಿದ. ಸೋತ ಆ ದುರ್ಗಕ್ಕೆ ಕನ್ನಡಿಗರ ಮನಸ್ಸಿನಲ್ಲಿ ಶಾಶ್ವತ ಸ್ಥಾನ ದೊರಕಿಸಿದ ಕಾದಂಬರಿಕಾರ ತ.ರಾ. ಸುಬ್ಬರಾವ್, ಓದುಗರ ಪಾಲಿನ ತರಾಸು.

1920ರ ಏಪ್ರಿಲ್ 21ರಂದು ಮಲೇಬೆನ್ನೂರಿನಲ್ಲಿ ಜನಿಸಿದ ತರಾಸು ಬೆಳೆದದ್ದು ಚಿತ್ರದುರ್ಗದಲ್ಲಿ. ಚಳ್ಳಕೆರೆ ಬಳಿಯ ತಳುಕು ಅವರ ಮನೆತನದ ಊರು, ವಿದ್ವಾಂಸ ಟಿ.ಎಸ್. ವೆಂಕಣ್ಣಯ್ಯನವರೂ ಅದೇ ಮನೆತನದವರು. ಏಳು ಸುತ್ತಿನ ಕೋಟೆ, ಹೆಬ್ಬಂಡೆಗಳು, ಹೊಂಡಗಳು, ಬೆಟ್ಟದ ಮೇಲಿನ ಗುಡಿಗಳು ಆ ಊರಿನ ಮಕ್ಕಳಿಗೆ ಆಟದ ಬಯಲೂ ಹೌದು, ಇತಿಹಾಸದ ಪಾಠಶಾಲೆಯೂ ಹೌದು. ಮದಕರಿನಾಯಕನೂ ಒನಕೆ ಹಿಡಿದ ಓಬವ್ವನೂ ಅಲ್ಲಿ ಮನೆಮಾತು.

1942ರ ಚಳವಳಿಯಲ್ಲಿ ಓದು ಬಿಟ್ಟು ಸೆರೆಮನೆ ಕಂಡ ತರಾಸು, ಪತ್ರಕರ್ತರಾಗಿ ದುಡಿದರು, ಅ.ನ.ಕೃ. ಅವರೊಡನೆ ಪ್ರಗತಿಶೀಲ ಚಳವಳಿಯಲ್ಲಿ ನಿಂತರು. ಏನು ಬರೆದರೂ ಬಾಲ್ಯದ ಊರು ಅವರನ್ನು ಬಿಡಲಿಲ್ಲ. ಸಂಗೀತಗಾರನ ಬದುಕನ್ನು ಹೇಳುವ 'ಹಂಸಗೀತೆ'ಗೂ ದುರ್ಗವೇ ನೆಲೆ. ಅದು 1956ರಲ್ಲಿ ಹಿಂದಿಯ 'ಬಸಂತ್ ಬಹಾರ್' ಆಯಿತು, 1975ರಲ್ಲಿ ಜಿ.ವಿ. ಅಯ್ಯರ್ ಅದನ್ನು ಕನ್ನಡದಲ್ಲಿ ತೆರೆಗೆ ತಂದರು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ನಿರ್ದೇಶಿಸಿದ 'ನಾಗರಹಾವು' ದುರ್ಗದ ಕಲ್ಲುಕೋಟೆಯನ್ನು ನಾಡಿಗೆಲ್ಲ ತೋರಿಸಿತು.

'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ', 'ಕಸ್ತೂರಿ ಕಂಕಣ' ಮೊದಲಾದವುಗಳಲ್ಲಿ ಅವರು ಮದಕರಿಗಿಂತ ಹಿಂದಿನ ನಾಯಕರ ಕಾಲವನ್ನು ಚಿತ್ರಿಸಿದರು. ಅರಮನೆಯ ಒಳಸಂಚು, ದಳವಾಯಿಗಳ ಅಧಿಕಾರದಾಹ, ರಕ್ತಪಾತ ಯಾವುದನ್ನೂ ಅಭಿಮಾನದಿಂದ ಮುಚ್ಚಿಡಲಿಲ್ಲ. ಆದರೆ ತಮ್ಮ ಊರಿನ ಅತಿ ದೊಡ್ಡ ನೋವಾದ ಮದಕರಿಯ ಸೋಲಿನ ಮಹಾಕಥನ 'ದುರ್ಗಾಸ್ತಮಾನ' ಪ್ರಕಟವಾದದ್ದು 1982ರಲ್ಲಿ, ಅವರ ವಯಸ್ಸು ಅರವತ್ತು ದಾಟಿದ ಮೇಲೆ. ಒಂದು ಕಾಲಕ್ಕೆ ಹೈದರನಿಗೆ ನೆರವಾಗಿದ್ದ ನಾಯಕ, ಮರಾಠರ ಮತ್ತು ಹೈದರನ ನಡುವೆ ಸಿಲುಕಿ, ಕೊನೆಗೆ ಶ್ರೀರಂಗಪಟ್ಟಣದ ಸೆರೆ ಸೇರಿದ ದುರಂತವದು.

1984ರ ಏಪ್ರಿಲ್ 10ರಂದು ತರಾಸು ನಿಧನರಾದರು. 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 'ದುರ್ಗಾಸ್ತಮಾನ'ಕ್ಕೆ ಮರಣೋತ್ತರವಾಗಿ ಸಂದಿತು. ಗೆದ್ದವನ ಹೆಸರನ್ನು ಇತಿಹಾಸ ತಾನಾಗಿಯೇ ಉಳಿಸಿಕೊಳ್ಳುತ್ತದೆ. ಸೋತ ಊರಿನ ಅಳಲನ್ನು ಉಳಿಸಲು ಆ ಊರಿನ ಮಗನೇ ಬರೆಯಬೇಕಾಯಿತು. ಹೈದರನ ಹುಟ್ಟೂರೆನಿಸಿದ ಬೂದಿಕೋಟೆಯನ್ನು ಬಲ್ಲ ನಮ್ಮ ಸೀಮೆಯ ಓದುಗರು ಈ ಕಾದಂಬರಿಯನ್ನು ಕೈಗೆತ್ತಿಕೊಂಡರೆ, ಅದೇ ಯುದ್ಧದ ಇನ್ನೊಂದು ಮುಖ ಅವರಿಗೆ ಕಂಡೀತು.