ಗುರು ಮೆಚ್ಚಿದ ಪುರಂದರದಾಸರು

ನಮ್ಮ ಜತ್ತ ತಾಲೂಕಿಗೆ ಪಂಢರಪುರ ದೂರವಲ್ಲ. ಅಲ್ಲಿಯ ವಿಠ್ಠಲನನ್ನು ಮರಾಠಿ ಸಂತರು ಅಭಂಗಗಳಲ್ಲಿ ಹಾಡಿದರು, ಕನ್ನಡದ ಹರಿದಾಸರು ಕೀರ್ತನೆಗಳಲ್ಲಿ ಹಾಡಿದರು. ಆ ದಾಸರಲ್ಲಿ ಅಗ್ರಗಣ್ಯರು ಪುರಂದರದಾಸರು (ಸು. ೧೪೮೪–೧೫೬೪).

ಅವರ ಮೊದಲಿನ ಹೆಸರು ಶ್ರೀನಿವಾಸ ನಾಯಕ. ಹುಟ್ಟೂರು ಪುಣೆಯ ಬಳಿಯ ಪುರಂದರಗಡವೆಂದು ಕೆಲವರು, ಮಲೆನಾಡಿನ ಆರಗದ ಸೀಮೆಯೆಂದು ಕೆಲವರು ಹೇಳುತ್ತಾರೆ. ಲೇವಾದೇವಿಯಲ್ಲಿ ಅಪಾರ ಹಣ ಗಳಿಸಿದ್ದರು, ಬಲು ಜಿಪುಣರು. ಬಡವನೊಬ್ಬ ಮಗನ ಮುಂಜಿಗೆಂದು ಬೇಡಿ ಬಂದಾಗ ಹೆಂಡತಿ ಸರಸ್ವತೀಬಾಯಿ ಗಂಡನಿಗೆ ತಿಳಿಯದಂತೆ ಮೂಗುತಿ ಕೊಟ್ಟರಂತೆ. ಅವನು ಅದನ್ನು ನಾಯಕರ ಅಂಗಡಿಗೇ ಮಾರಲು ತಂದ! ಮೂಗುತಿಯೆಲ್ಲಿ ಎಂದು ಗಂಡ ಗದರಿಸಲು ಆ ಸಾಧ್ವಿ ವಿಷದ ಬಟ್ಟಲು ಎತ್ತಿದರು; ಬಟ್ಟಲಲ್ಲಿ ಅದೇ ಮೂಗುತಿ ಬಿತ್ತಂತೆ. ಕಥೆ ಹೇಗೇ ಇರಲಿ, ನಾಯಕರು ಆಸ್ತಿಯನ್ನೆಲ್ಲ ದಾನ ಮಾಡಿ ಹೆಂಡತಿ ಮಕ್ಕಳೊಡನೆ ಬರಿಗೈಯಲ್ಲಿ ವಿಜಯನಗರಕ್ಕೆ ಹೋದರು.

ಅಲ್ಲಿ ದಾಸದೀಕ್ಷೆ ಕೊಟ್ಟ ವ್ಯಾಸರಾಯರು ಅರಸರೇ ತಲೆಬಾಗುತ್ತಿದ್ದ ಯತಿಗಳು. ಶಿಷ್ಯರೋ ಬೀದಿಯಲ್ಲಿ ಹಾಡುತ್ತ ಅಂದಂದಿನ ಅಕ್ಕಿ ಬೇಡುವವರು. ಮಧ್ಯಯುಗದ ಕ್ರೈಸ್ತರು ಇಗರ್ಜಿಗಳಲ್ಲಿ ತಮ್ಮ ಸಂತರ ಸ್ತುತಿ ಹಾಡುತ್ತಿದ್ದಂತೆ ದಾಸರೂ ಗುರುಗಳ ಮೇಲೆ ಕೀರ್ತನೆ ಕಟ್ಟಿದರು. ಅದು ಸಹಜವೇ. ಆದರೆ ಗುರುಗಳೂ ಶಿಷ್ಯನನ್ನು ಹೊಗಳಿ ಹಾಡು ಕಟ್ಟಿದರು. ಇಂಥ ಗುರುಗಳು ಎಷ್ಟು ಮಂದಿ?

ಸಂಗೀತ ಕಲಿಯುವ ಮಕ್ಕಳಿಗೆ ಮಾಯಾಮಾಳವಗೌಳ ರಾಗದ ಸರಳೆವರಿಸೆ ಹಾಕಿಕೊಟ್ಟವರು ಇವರೇ ಎಂದು ಪ್ರತೀತಿಯಿದೆ. ಹೀಗಿದ್ದೂ ಅವರ ಸ್ವಂತ ಧಾಟಿಗಳು ಬಹುಪಾಲು ಉಳಿಯಲಿಲ್ಲ. ಉಳಿದದ್ದು ಮಾತು ಮಾತ್ರ. ಹಾಗಾಗಿಯೇ ಕರ್ನಾಟಕ ಸಂಗೀತದವರು ಒಂದು ರಾಗದಲ್ಲಿ ಹಾಡಿದರೆ, ಗದುಗಿನ ಭೀಮಸೇನ ಜೋಶಿಯವರು ಹಿಂದೂಸ್ತಾನಿಯ ಬೇರೊಂದು ರಾಗದಲ್ಲಿ ಹಾಡಿದರು.

ಹಂಪೆಯಲ್ಲಿ ತುಂಗಭದ್ರೆಯ ದಂಡೆಗೆ ಪುರಂದರ ಮಂಟಪವಿದೆ. ಹೊಳೆ ತುಂಬಿ ಬಂದಾಗ ಅದು ನೀರಿನಲ್ಲಿ ಮುಳುಗುತ್ತದೆ, ಇಳಿದಾಗ ಮತ್ತೆ ಕಾಣುತ್ತದೆ.